ಒಂದೇ ಹೆಸರಿನ ಎರಡು ಫೋಲ್ಡರ್

ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಆಗ ಎರಡು ಕಂಪ್ಯೂಟರ್ ಇದ್ದವು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅಪ್ಪನದು ವಿಂಡೋಸ್, ನನ್ನದು ಲಿನಕ್ಸ್. ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗುವುದು ಬೇಡವೆಂದು, ಇಬ್ಬರೂ ಬಳಸುವಂಥ ಒಂದು ಡಿಸ್ಕ್ ಪೆಟ್ಟಿಗೆಯನ್ನು ತಂದು, ಟಿವಿ ಪಕ್ಕ ಇಟ್ಟು, ಮನೆಯ ನೆಟ್‌ವರ್ಕಿಗೆ ಜೋಡಿಸಿದೆ.

ಅಪ್ಪ ಅದರಲ್ಲಿ ಮೊದಲು ಹಾಕಿದ್ದು ಅಮ್ಮನ ಹಾಡುಗಳನ್ನು. ಅಮ್ಮ ಭಜನಾ ಮಂಡಳಿಯಲ್ಲಿ ದೇವರನಾಮ ಹಾಡುತ್ತಿದ್ದವಳು. ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ಒಡೆದು, ಮಾತು ಉಳಿಯಿತು, ಹಾಡು ಉಳಿಯಲಿಲ್ಲ. ಅಪ್ಪ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಊಟವಾದ ಮೇಲೆ ಕೇಳುತ್ತಿದ್ದರು. ಹಾಡಿನ ನಡುವೆ, ಅಂದು ರೆಕಾರ್ಡಿನಲ್ಲಿ ಸೇರಿಕೊಂಡಿದ್ದ ರೈಲಿನ ಸೀಟಿಯೂ ಕೇಳುತ್ತಿತ್ತು. ಆ ಹೊತ್ತಿಗೆ ಅಮ್ಮ ಏನಾದರೂ ನೆಪ ಮಾಡಿಕೊಂಡು ಮಹಡಿಗೆ ಹೋಗಿಬಿಡುತ್ತಿದ್ದಳು.

ಒಂದು ಭಾನುವಾರ ಅಪ್ಪ ನನ್ನನ್ನು ಕರೆದರು. "ಹಾಡೆಲ್ಲ ಹೊರಟೋಗಿದೆ ಕಣೋ. ಫೋಲ್ಡರ್ ತೆಗೆದ್ರೆ ಬರೀ ಸ್ಕ್ಯಾನಿಂಗ್ ರಿಪೋರ್ಟು." ಆಮೇಲೆ ಅಡುಗೆಮನೆಯತ್ತ ತಿರುಗಿ, "ನೀನೇನಾದ್ರೂ ಅಳಿಸಿದ್ಯಾ?" ಎಂದರು.

"ನಂಗೆಲ್ಲಿ ಬರುತ್ತೆ ಅದೆಲ್ಲ," ಎಂದಳು ಅಮ್ಮ. "ಹೋದ್ರೆ ಹೋಗ್ಲಿ ಬಿಡಿ."

ಅಪ್ಪ ಕುರ್ಚಿಯಿಂದ ಏಳಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ನೋಡಿದರೆ ಹಾಡುಗಳೂ ಇದ್ದವು, ರಿಪೋರ್ಟುಗಳೂ ಇದ್ದವು. ಹಾಡಿನ ಫೋಲ್ಡರಿಗೆ ಅಪ್ಪ, ನಾನು ಕರೆಯುವ ಹಾಗೆಯೇ, ಅಮ್ಮ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟಿದ್ದರು, ಮೊದಲಕ್ಷರ ದೊಡ್ಡದು. ಹಿಂದಿನ ದಿನ ನಾನು ಅಮ್ಮನ ಆಸ್ಪತ್ರೆಯ ರಿಪೋರ್ಟುಗಳಿಗೆಂದು ಇನ್ನೊಂದು ಫೋಲ್ಡರ್ ಮಾಡಿ, ಅದೇ ಹೆಸರನ್ನು ಪೂರ್ತಿ ಸಣ್ಣ ಅಕ್ಷರದಲ್ಲಿ ಕೊಟ್ಟಿದ್ದೆ. ಲಿನಕ್ಸಿಗೆ ಅವು ಬೇರೆ ಬೇರೆ. ವಿಂಡೋಸ್ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಮಾಡುವುದಿಲ್ಲ. ಅಪ್ಪನ ಕಂಪ್ಯೂಟರಿನಲ್ಲಿ ಯಾವುದನ್ನು ಒತ್ತಿದರೂ ನನ್ನದೇ ತೆರೆದುಕೊಳ್ಳುತ್ತಿತ್ತು. ನನ್ನ ಫೋಲ್ಡರಿನ ಹೆಸರು ಬದಲಾಯಿಸಿದೆ. ಅಪ್ಪನ ಪರದೆಯಲ್ಲಿ ಹಾಡುಗಳು ಮತ್ತೆ ಕಾಣಿಸಿದವು.

ಅವತ್ತಿನಿಂದ ಅಪ್ಪ ಇಯರ್‌ಫೋನ್ ಹಾಕಿಕೊಂಡು ಕೇಳತೊಡಗಿದರು. ಅಮ್ಮ ಮಹಡಿಗೆ ಹೋಗುವುದನ್ನು ಬಿಟ್ಟು, ಅಲ್ಲೇ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಮಧ್ಯಾಹ್ನ ಸೆರಗಿಗೆ ಕೈ ಒರೆಸಿಕೊಂಡು, ಅಪ್ಪನ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು ತನ್ನ ಕಿವಿಗೆ ಇಟ್ಟುಕೊಂಡಳು. ಹಾಡು ಮುಗಿಯುವವರೆಗೂ ಕೇಳಿದಳು.

"ಚರಣದಲ್ಲಿ ಶ್ರುತಿ ಬಿಟ್ಟಿದೀನಿ," ಎಂದಳು.

"ನಂಗದೆಲ್ಲ ಗೊತ್ತಾಗಲ್ಲ," ಎಂದರು ಅಪ್ಪ.

"ಇನ್ನೊಂದ್ಸಲ ಹಾಕಿ, ಎಲ್ಲಿ ಅಂತ ತೋರಿಸ್ತೀನಿ."