ಎರಡು ಹೆಬ್ಬೆಟ್ಟಿನ ಸಾಲ

ಇವತ್ತು ಬೆಳಿಗ್ಗೆ ರಿಪೇರಿಯವನು ಬಂದು ನನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಹೋದ. ಆ ವಾಸನೆ ಇನ್ನೂ ಪಡಸಾಲೆಯಲ್ಲಿದೆ. ನಿಮಗೆ ಅದು ಬರೀ ಎಣ್ಣೆ. ನನಗೆ ಮಾತ್ರ ಅದು ನ್ಯಾಮತಿ, ಎರಡನೇ ಮಹಾಯುದ್ಧದ ಕಾಲ, ಪಕ್ಕದ ಮನೆಯ ಜೈತುನ್‌ಬಿ.

ನಾನು ಆಗ ಮದುವೆಯಾಗಿ ಚನ್ನಗಿರಿಯಿಂದ ಹೊಸದಾಗಿ ಬಂದವಳು. ಮಿಡ್ಲ್ ಸ್ಕೂಲು ಪಾಸಾಗಿದ್ದೆನೆಂಬ ಜಂಬ ಸಾಮಾನ್ಯದ್ದಲ್ಲ. ದಿನಾ ಸಾರು ಕೆಡಿಸಿ ಅತ್ತೆಯವರಿಂದ ಬೈಸಿಕೊಳ್ಳುತ್ತಿದ್ದರೂ, ಕಾಗದ ಬರೆಯುವುದರಲ್ಲಿ ಈ ಕೇರಿಗೆಲ್ಲ ನಾನೊಬ್ಬಳೇ ಎಂದುಕೊಂಡಿದ್ದೆ. ಜೈತುನ್‌ಬಿ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳೂ ಗಂಡ ಇಮಾಮ್ ಸಾಬರೂ ಬಟ್ಟೆ ಹೊಲಿಯುತ್ತಿದ್ದರು. ಹೊನ್ನಾಳಿಯ ಸಾಹುಕಾರರೊಬ್ಬರಲ್ಲಿ ಸಾಲ ಮಾಡಿ ಎರಡು ಮಿಷನ್ನು ತಂದಿದ್ದರು. ಸಾಲದ ಪತ್ರಕ್ಕೆ ಇಬ್ಬರೂ ಹೆಬ್ಬೆಟ್ಟು ಒತ್ತಿದ್ದರು.

ಸಾಲ ತೀರುವ ಮೊದಲೇ ಅವರಿಗೆ ತಲಾಖ್ ಆಯಿತು. ಹಿರಿಯರು ಕೂತು ಮಿಷನ್ನು ಒಬ್ಬರಿಗೊಂದು, ತಿಂಗಳ ಹತ್ತು ರೂಪಾಯಿ ಕಂತಿನಲ್ಲಿ ಐದೈದು ಎಂದು ಹಂಚಿದರು. ಸಾಬರು ತಮ್ಮ ಪಾಲಿನ ಮಿಷನ್ನನ್ನು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಮೇಲೆ ಹೇರಿಕೊಂಡು ಜಗಳೂರಿಗೆ, ಅಣ್ಣನ ಮನೆಗೆ ಹೋದರು.

ಆರು ತಿಂಗಳು ಎಲ್ಲ ಸರಿಯಾಗಿತ್ತು. ಅದಾಗಿ ಮೂರು ತಿಂಗಳಿಗೆ ಸಾಹುಕಾರರು ತಾವೇ ಬಂದು ಅವಳ ಜಗಲಿಯಲ್ಲಿ ಕೂತರು. ಸಾಬರ ಪಾಲು ಮೂರು ತಿಂಗಳಿಂದ ಬಂದಿಲ್ಲ, ಅದನ್ನೂ ಅವಳೇ ಕಟ್ಟಬೇಕು, ಇಲ್ಲವೆಂದರೆ ಅವಳ ಮಿಷನ್ನು ಒಯ್ಯುತ್ತೇನೆ ಎಂದರು.

“ನಂದು ನಾನು ಕಟ್ಟೀನಲ್ರೀ. ಅವ್ರಿಗೂ ನನಗೂ ಈಗ ಏನೈತೆ?”

“ತಲಾಖ್ ಆಗಿದ್ದು ನಿಮಗಮ್ಮ, ಪತ್ರಕ್ಕಲ್ಲ. ಅದ್ರಾಗೆ ಇನ್ನೂ ಇಬ್ರೂ ಒಟ್ಟಿಗೇ ಇದೀರಿ.”

ಅವರು ಅದನ್ನು ಸಿಟ್ಟಿಲ್ಲದೆ ಹೇಳಿದ್ದರಿಂದಲೇ ಗೋಡೆಯಾಚೆ ಕೇಳುತ್ತಿದ್ದ ನನಗೂ ಹೆದರಿಕೆಯಾಯಿತು.

ಜೈತುನ್‌ಬಿ ಕಾಗದ ಬರೆಸಲು ಬಂದಳು. ನಾನು ಒಂದು ಪುಟ ತುಂಬ ಬರೆದು, ‘ಕಣ್ಣೀರಿನಲ್ಲಿ ಕೈತೊಳೆಯುತ್ತಿರುವ ಅಬಲೆ’ ಎಂಬಲ್ಲಿ ದನಿ ನಡುಗಿಸಿ ಓದಿದೆ.

“ನಾನು ಅಳ್ತಿದೀನಿ ಅಂತ ಯಾರು ಹೇಳಿದ್ರು ನಿಮಗೆ? ಹೊಡೆದು ಹಾಕ್ರಿ. ಮೂರು ತಿಂಗಳು ಬಾಕಿ ಐತೆ, ಯಾಕಂತ ತಿಳಿಸ್ರಿ. ಅಷ್ಟು ಸಾಕು.”

ನನ್ನ ಸಾಹಿತ್ಯವೆಲ್ಲ ಎರಡು ಸಾಲಿಗೆ ಇಳಿಯಿತು.

ಉತ್ತರ ಬರಲಿಲ್ಲ, ಸಾಬರೇ ಬಂದರು. ಬಹಳ ಇಳಿದುಹೋಗಿದ್ದರು. ತಲಾಖ್ ಆದ ಮೇಲೆ ಅವಳು ಅವರೆದುರು ಬರುವ ಹಾಗಿರಲಿಲ್ಲ. ಹಾಗಾಗಿ ಅವರು ನಮ್ಮ ಜಗಲಿಯಲ್ಲಿ, ಅವಳು ಒಳಗೆ ಬಾಗಿಲ ಮರೆಯಲ್ಲಿ, ನಾನು ಹೊಸ್ತಿಲ ಮೇಲೆ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ನಾನು ತಿರುಗಿ ಹೇಳುವವರೆಗೆ ಇಬ್ಬರೂ ಕಾಯುತ್ತಿದ್ದರು.

“ಜಗಳೂರಾಗೆ ಬಟ್ಟೇನೇ ಇಲ್ರೀ. ರೇಷನ್ನಿನಾಗೆ ಬರೋ ತುಂಡು ಹೊಲಿಯಾಕೆ ನಾಕು ಜನ ಕಾಯ್ತೀವಿ. ನನ್ನ ಮಿಷನ್ನೂ ಅವ್ರಿಗೇ ಬಿಟ್ಟುಕೊಡ್ತೀನಿ, ನನ್ನ ಪಾಲು ಅವ್ರೇ ಕಟ್ಕೊಳ್ಲಿ.”

“ಮಿಷನ್ ಕೊಟ್ಟ ಮ್ಯಾಲೆ ಉಣ್ಣಾಕೆ ಏನ್ ಮಾಡ್ತಾರಂತೆ, ಕೇಳ್ರಿ.”

ಸಾಬರು ತಮ್ಮ ಅಂಗೈ ನೋಡಿಕೊಂಡರು.

ಹೊಸ ಬಟ್ಟೆ ಇಲ್ಲದ ಕಾಲದಲ್ಲಿ ಹಳೆಯ ಬಟ್ಟೆಗೆ ತೇಪೆ ಹಾಕಿಸುವವರು ಹೆಚ್ಚಾಗಿದ್ದರು, ಹಾಗಾಗಿ ಅವಳ ಕೈಗೆ ಕೆಲಸವಿತ್ತು. ಸಾಲ ತೀರಿ ಪತ್ರ ವಾಪಸು ಬರುವವರೆಗೆ ಹತ್ತೂ ರೂಪಾಯಿ ತಾನೇ ಕಟ್ಟುವುದು, ಬಟ್ಟೆ ಸಿಕ್ಕಾಗ ಅವರು ತಮ್ಮ ಪಾಲನ್ನು ತನಗೆ ಕಳಿಸುವುದು ಎಂದು ಅವಳು ಮೊದಲೇ ಯೋಚಿಸಿಟ್ಟಿದ್ದಳು; ಅದನ್ನೇ ನನ್ನಿಂದ ಹೇಳಿಸಿದಳು.

“ನನ್ಮ್ಯಾಲೆ ನಂಬಿಕೆ ಐತಾ, ಕೇಳ್ರಿ,” ಎಂದರು ಸಾಬರು, ಮೆತ್ತಗೆ.

“ನಂಬಿಕೆ ಇದ್ದಿದ್ರೆ ತಲಾಖ್ ಯಾಕಾಗ್ತಿತ್ತು? ಬರೀರಿ ಅಮ್ಮಾರೆ. ಇಬ್ರ ಹೆಬ್ಬೆಟ್ಟೂ ಬೀಳ್ಲಿ.”

ಬರೆದೆ. ಈ ಸಲ ಒಂದು ಅಲಂಕಾರವನ್ನೂ ಸೇರಿಸಲಿಲ್ಲ.

ಮುಂದೆ ಒಂದು ವರ್ಷಕ್ಕೂ ಮೇಲೆ ಅವಳು ಒಬ್ಬಳೇ ಮಿಷನ್ನು ತುಳಿದಳು. ಸಂಜೆ ಹೊತ್ತಿಗೆ ಕಾಲುಗಳು ಊದಿಕೊಳ್ಳುತ್ತಿದ್ದವು. ಕೊನೆಗೆ ಹೊನ್ನಾಳಿಯಿಂದ ಪತ್ರ ವಾಪಸು ಬಂತು. ಯುದ್ಧ ಮುಗಿದು ಬಟ್ಟೆಯ ರೇಷನ್ನು ಸ್ವಲ್ಪ ಸಡಿಲವಾದ ಮೇಲೆ ಜಗಳೂರಿನ ಮನಿಯಾರ್ಡರುಗಳು ಶುರುವಾದವು. ಒಂದು ತಿಂಗಳು ಐದರ ಬದಲು ಏಳು ರೂಪಾಯಿ ಬಂದಾಗ, ‘ಎರಡು ಮುಂಗಡ’ ಎಂದು ಯಾರಿಂದಲೋ ಬರೆಸಿದ್ದರು. ಅದನ್ನು ಓದಿ ನನ್ನ ಹುಚ್ಚು ಮನಸ್ಸು ಏನೇನೋ ಕಟ್ಟಿಕೊಂಡಿತು. ಕೊನೆಯ ಕಂತು ಬಂದ ದಿನ ತಡೆಯಲಾರದೆ, “ಇನ್ನಾದರೂ ಮತ್ತೆ ಒಂದಾಗಬಾರದಾ?” ಎಂದೆ.

ಅವಳು ಹಲ್ಲಿನಿಂದ ದಾರ ಕಡಿದು ನಕ್ಕಳು. “ಸಾಲಕ್ಕೆ ಒಳ್ಳೇ ಮನುಷ್ಯ, ಅಮ್ಮಾರೆ. ಸಂಸಾರ ಬ್ಯಾರೆ.”

‘ಪೂರಾ ಮುಟ್ಟಿತು. ಸಲಾಮ್’ ಎಂದಷ್ಟೇ ಬರೆಸಿದಳು. ಇನ್ನೇನಾದರೂ ಹೇಳುತ್ತಾಳೆಂದು ಪೆನ್ನು ಹಿಡಿದು ಕಾದೆ. ಅವಳು ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದಳು.

ಹಾಗಾದರೆ ಅವರು ಬೇರೆಯಾದದ್ದೇಕೆ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಕೇಳಿಕೊಳ್ಳಲಿಲ್ಲವಲ್ಲ ಎಂದು ಇಷ್ಟು ವರ್ಷ ಚಡಪಡಿಸಿದವಳು ನಾನು. ನಂಬಿಕೆಯ ಆ ಒಂದು ಮಾತು ಬಿಟ್ಟರೆ ಅವರಿಬ್ಬರೂ ನನ್ನ ಮುಂದೆ ಒಬ್ಬರನ್ನೊಬ್ಬರು ಒಂದು ಸಲವೂ ದೂರಲಿಲ್ಲ. ಇದು ನನಗೆ ಹೊಳೆದದ್ದು ಇವತ್ತು, ನಿಮಗೆ ಹೇಳುತ್ತ ಹೇಳುತ್ತ. ಅವರೇ ಆಡಿಕೊಳ್ಳದ ಆ ಕಾರಣ ಇನ್ನು ನನಗೂ ಬೇಡ.