ಮುಖ ಬಿಟ್ಟು ತೆಗೆದ ಹನ್ನೊಂದು ಫೋಟೋ

ಮನುಷ್ಯನ ವಿದ್ಯೆ, ಆಯುಷ್ಯ, ಕಂಕಣಭಾಗ್ಯ ಎಲ್ಲವೂ ಅವನು ಭೂಮಿಗೆ ಬಿದ್ದ ಕ್ಷಣದಲ್ಲೇ ತೀರ್ಮಾನವಾಗಿರುತ್ತವೆ ಎಂದು ನಮ್ಮ ಹಿರಿಯರು ನಂಬಿದ್ದರು. ಅಷ್ಟು ಘನವಾದ ಆ ಕ್ಷಣವನ್ನು ನೋಡಿ ಬರೆದಿಡುವ ಕೆಲಸವನ್ನು ಮಾತ್ರ, ಹೆರಿಗೆಯ ದಿನ ಬೇರೆ ಯಾವ ಉಪಯೋಗಕ್ಕೂ ಬಾರದೆ, ಓಡಾಡುವವರಿಗೆ ಅಡ್ಡವಾಗಿ ಕೂತಿರುವ ಗಂಡಸಿಗೆ ವಹಿಸುವುದು ರೂಢಿ. ನಮ್ಮ ಕುಟುಂಬದಲ್ಲಿ ಆ ಗಂಡಸು ನಾನು.

ಅಕ್ಕನ ಮಗಳ ಹೆರಿಗೆಗೆ ಮೊದಲು ನಾನು ಹೀಗೆ ಮೂರು ಮಕ್ಕಳ ಹೊತ್ತು ನೋಡಿದ್ದೆ. ಮೂರನ್ನೂ ಕೈಗಡಿಯಾರ ನೋಡಿ ಬಸ್ ಟಿಕೆಟಿನ ಹಿಂದೆ ಬರೆದದ್ದು. ಒಂದು ಟಿಕೆಟು ಅಂಗಿಯ ಜೇಬಿನಲ್ಲೇ ಉಳಿದು ಒಗೆತಕ್ಕೆ ಹೋಯಿತು. ಆ ಮಗು ಈಗ ಇಂಜಿನಿಯರ್. ಅವನ ಜಾತಕ ಅಂದಾಜಿನ ಮೇಲೆ ನಿಂತಿದೆ. ಈ ಸಲ ಹಾಗಾಗಬಾರದು, ದಾಖಲೆ ಬೇಕು ಎಂದು ನಿಶ್ಚಯಿಸಿದೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಅಂದಾಜು ಎಂದರೆ ನನಗೆ ಆಗುವುದಿಲ್ಲ.

ಆಗ ನನ್ನ ಹತ್ತಿರ ಒಂದು ಡಿಜಿಟಲ್ ಕ್ಯಾಮೆರಾ ಇತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಸಣ್ಣದು, ಬೆಳ್ಳಿ ಬಣ್ಣದ್ದು, ಜಪಾನಿನದ್ದು. ಫೋನಿನಲ್ಲಿ ತೆಗೆದರೆ ಮನುಷ್ಯನ ಮುಖಕ್ಕೂ ಹಲಸಿನ ಹಣ್ಣಿಗೂ ವ್ಯತ್ಯಾಸ ತಿಳಿಯದಿದ್ದ ಕಾಲ ಅದು. ಉಡುಪಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಅಂಗಡಿಯಿದೆ. ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸಲ್ಮಾನರ, ಮನೆಯವರು, ಲೆಕ್ಕದಲ್ಲಿ ಕ್ಲಾಸಿಗೇ ಮೊದಲು. ಕ್ಯಾಮೆರಾವನ್ನು ಡಬ್ಬಿಯಿಂದ ತೆಗೆದು ನನ್ನ ಕೈಗೆ ಕೊಡುತ್ತಾ ಅವರು ಹೇಳಿದರು:

"ಇದರಲ್ಲಿ ಎಲ್ಲ ಆಟೋ ಉಂಟು ಮಾಷ್ಟ್ರೇ. ನೀವು ಎಂತ ಮಾಡುವುದೂ ಬೇಡ."

"ಎಂತ ಮಾಡದೆ ತೆಗೆದ ಫೋಟೋ ನನ್ನದು ಹೇಗಾಗುತ್ತದೆ?"

"ಬಟನ್ ಒತ್ತುವುದು ನೀವೇ ಅಲ್ವಾ. ಕೊಡಿ, ಟೈಮ್ ಒಂದು ಸೆಟ್ ಮಾಡಿ ಕೊಡುತ್ತೇನೆ."

ಬೇಡವೆಂದೆ. ಯಂತ್ರ ನನ್ನದಾದ ಮೇಲೆ ಅದಕ್ಕೆ ಹೊತ್ತು ಹೇಳಿಕೊಡುವವನೂ ನಾನೇ ಆಗಬೇಕು. ಅಲೆವೂರಿನ ಮನೆಗೆ ಬಂದು, ಕೈಕಾಲು ತೊಳೆದು, ಗೋಡೆಯ ಗಡಿಯಾರದ ಎದುರು ನಿಂತು ಸೆಕೆಂಡಿಗೆ ಸೆಕೆಂಡು ಹೊಂದಿಸಿದೆ.

ಒಂದು ವಾರ ಅದರ ಕೈಪಿಡಿ ಓದಿದೆ. ಮೊದಲ ಹನ್ನೊಂದು ಪುಟ ಕ್ಯಾಮೆರಾವನ್ನು ನೀರಿಗೆ, ಬೆಂಕಿಗೆ, ಸಣ್ಣ ಮಕ್ಕಳ ಬಾಯಿಗೆ ಹಾಕಬಾರದು ಎಂದು ಹೇಳುತ್ತದೆ. ಆಮೇಲೆ ವಿಷಯಕ್ಕೆ ಬರುತ್ತದೆ. ಹಿಮ ಬೀಳುವಾಗ ತೆಗೆಯಲು ಒಂದು ವ್ಯವಸ್ಥೆ, ಪಟಾಕಿ ಹಾರುವಾಗ ಒಂದು, ಊಟದ ತಟ್ಟೆಗೆ ಒಂದು, ಸಾಕುಪ್ರಾಣಿಗೆ ಒಂದು. ನಮ್ಮ ಜಿಲ್ಲೆಯಲ್ಲಿ ಹಿಮದ ವ್ಯವಸ್ಥೆಯ ಅಗತ್ಯ ಅಷ್ಟಾಗಿ ಬೀಳದಿದ್ದರೂ ಅದನ್ನೂ ಕಲಿತೆ. 'ಬೇಬಿ' ಎಂದೂ ಒಂದಿತ್ತು. ಮಗುವಿನ ಜನ್ಮದಿನಾಂಕ ಒಮ್ಮೆ ತುಂಬಿಸಿದರೆ, ಪ್ರತಿ ಫೋಟೋದಲ್ಲೂ ಆ ದಿನಕ್ಕೆ ಮಗುವಿಗೆ ಎಷ್ಟು ತಿಂಗಳಾಯಿತೆಂದು ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಜಪಾನಿನವರು ದಿನಾಂಕ ಕೇಳಿದ್ದರು, ನಕ್ಷತ್ರ ಕೇಳಿರಲಿಲ್ಲ. ಅದೊಂದು ಕೊರತೆ ಎಂದು ನನಗೆ ಅನ್ನಿಸಿತ್ತು. ಆದರೆ ನನಗೆ ಬೇಕಾದದ್ದು ಇನ್ನೊಂದು ಪುಟದಲ್ಲಿ ಸಿಕ್ಕಿತು: ಫೋಟೋದ ಬಲಮೂಲೆಯಲ್ಲಿ ತಾರೀಕು ಮತ್ತು ಸಮಯವನ್ನು ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಅಚ್ಚೊತ್ತುವ ಸೌಲಭ್ಯ. ಒಮ್ಮೆ ಅಚ್ಚಾದರೆ ಅಳಿಸಲು ಬರುವುದಿಲ್ಲ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು.

ಹೆರಿಗೆ ಕಾರ್ಕಳದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಒಂದು ಮಂಗಳವಾರ ಸಂಜೆ. ಅಕ್ಕನ ಮನೆ ಅಲ್ಲಿಂದ ಹತ್ತು ಹೆಜ್ಜೆ. ನಾನು ಹೆರಿಗೆ ಕೋಣೆಯ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು, ಫ್ಲಾಶ್ ಆರಿಸಿ, ಬಟನ್ನಿನ ಮೇಲೆ ಬೆರಳಿಟ್ಟು ಕೂತೆ. ಅಳು ಕೇಳಿದ ಕ್ಷಣವೇ ಒತ್ತಿದೆ. ಹಸಿರು ಬಣ್ಣದ ಮುಚ್ಚಿದ ಬಾಗಿಲು, ಅದರ ಮೂಲೆಯಲ್ಲಿ 4:56. ಪ್ರಪಂಚದಲ್ಲಿ ಬೇರೆ ಯಾರೂ ಆ ಬಾಗಿಲಿನ ಫೋಟೋ ತೆಗೆದಿರಲಾರರು. ಕಾಲು ಗಂಟೆ ಬಿಟ್ಟು ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದರು. ಹೆಣ್ಣು ಮಗು. ಅದರ ಮುಖದ್ದೂ ಒಂದು ತೆಗೆದೆ.

ಅಕ್ಕ ಆಗಲೇ ಹಿರಿಯಡ್ಕದ ಜೋಯಿಸರಿಗೆ ಫೋನು ಮಾಡಿ 4:56 ಎಂದು ಹೇಳಿಬಿಟ್ಟಳು. ಜೋಯಿಸರು ಪಂಚಾಂಗ ಬಿಡಿಸಿದ್ದು ಇಲ್ಲಿಗೆ ಕೇಳಿಸಿತು. ಆ ದಿನ 4:50ಕ್ಕೆ ನಕ್ಷತ್ರ ಬದಲಾಗುತ್ತಿತ್ತು. ಅಲ್ಲಿಯವರೆಗೆ ಇದ್ದದ್ದು ಒಳ್ಳೆಯ ನಕ್ಷತ್ರ. ಆಮೇಲೆ ಬಂದದ್ದರ ಹೆಸರು ಇಲ್ಲಿ ಹೇಳುವುದಿಲ್ಲ, ಅದರಲ್ಲಿ ಹುಟ್ಟಿದವರು ಈ ಪುಟ ಓದುತ್ತಿರಬಹುದು. ದೋಷವಿರುವುದು ತಂದೆಗೆ ಎಂದರು ಜೋಯಿಸರು. ಇಪ್ಪತ್ತೇಳು ದಿನ ಕಳೆಯುವವರೆಗೆ ತಂದೆ ಮಗುವಿನ ಮುಖ ನೋಡಬಾರದು. ಆಮೇಲೆ ಶಾಂತಿ ಮಾಡಿಸಿ, ಕಂಚಿನ ಬಟ್ಟಲಲ್ಲಿ ಕರಗಿದ ತುಪ್ಪ ಇಟ್ಟು, ಅದರಲ್ಲಿ ಮೂಡಿದ ಬಿಂಬವನ್ನು ಮೊದಲು ನೋಡಿ, ಆಮೇಲೆ ಮಗುವನ್ನು ನೋಡಬಹುದು.

ತಂದೆ, ಅಂದರೆ ಅಕ್ಕನ ಅಳಿಯ, ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದರು. ಮರುದಿನ ಬರುವವರಿದ್ದರು. ರಜೆ ಹನ್ನೆರಡೇ ದಿನ. ಮತ್ತೆ ರಜೆ ಸಿಗುವುದು ಎರಡು ವರ್ಷ ಬಿಟ್ಟು. ಇಪ್ಪತ್ತೇಳರಿಂದ ಹನ್ನೆರಡನ್ನು ಕಳೆಯಲು ಗಣಿತದ ಮಾಷ್ಟ್ರು ಬೇಕಾಗಿಲ್ಲ. ಒಳಗೆ ಮಲಗಿದ್ದ ಅಕ್ಕನ ಮಗಳಿಗೆ ಅದನ್ನು ಯಾರೂ ಹೇಳದಿದ್ದರೂ ತಿಳಿಯಿತು. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಇಲ್ಲಿ ನನ್ನ ಪಾತ್ರವನ್ನು ಮುಚ್ಚಿಡುವ ಹಾಗಿಲ್ಲ. ನರ್ಸಿಂಗ್ ಹೋಮಿನವರು ತಮ್ಮ ಪುಸ್ತಕದಲ್ಲಿ 4:41 ಎಂದು ಬರೆದಿದ್ದರು. ಅಕ್ಕ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ತಮ್ಮ, ಇವರು ಬರೆದದ್ದು ಬೇರೆ ಉಂಟಲ್ಲ?"

ನಾನು ಕ್ಯಾಮೆರಾ ತೆಗೆದು ಬಾಗಿಲನ್ನು ತೋರಿಸಿದೆ. "ನರ್ಸು ಆ ಹೊತ್ತಿಗೆ ಮಗುವನ್ನು ನೋಡುವುದೋ ಗಡಿಯಾರವನ್ನು ನೋಡುವುದೋ? ಅವರು ಆಮೇಲೆ ನೆನಪಿನಿಂದ ಬರೆದದ್ದು. ಇದು ಯಂತ್ರ. ಇದಕ್ಕೆ ಸುಳ್ಳು ಹೇಳಿ ಎಂತ ಲಾಭ?"

ಅಕ್ಕ ನಂಬಿದಳು. ನನ್ನ ಮಾತನ್ನು ಅವಳು ಅಷ್ಟು ಪೂರ್ತಿಯಾಗಿ ನಂಬಿದ್ದು ಅದೇ ಮೊದಲು.

ಬುಧವಾರ ಅಳಿಯ ಬಂದಿಳಿದು ನೇರ ಕಾಪುವಿನ ತಮ್ಮ ಮನೆಗೆ ಹೋದರು. ಅವರ ಅಮ್ಮನೂ ಜೋಯಿಸರ ಮಾತು ಮೀರುವವರಲ್ಲ. ಮೂರು ದಿನ ಕಳೆಯಿತು. ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. ಹಿಂದಿನಿಂದ ಮಗು ಅಳುವುದು ಕೇಳಿದರೆ ಮಾತು ನಿಲ್ಲಿಸುತ್ತಿದ್ದರಂತೆ. ಅಕ್ಕನಿಗೂ ಮನಸ್ಸು ಕರಗಿತು. ಫೋಟೋ ತೋರಿಸಬಹುದೇ ಎಂದು ಜೋಯಿಸರನ್ನು ಕೇಳಿದಳು. ಅವರು "ಕ್ಯಾಮೆರಾದ ವಿಷಯ ಶಾಸ್ತ್ರದಲ್ಲಿ ಎಂತದೂ ಹೇಳಿಲ್ಲ. ಮುಖದ್ದು ಬೇಡ. ಕೈಕಾಲಿನದ್ದು ಬೇಕಾದರೆ ತೋರಿಸಿ" ಎಂದು ಅಪ್ಪಣೆ ಕೊಟ್ಟರು.

ಹೀಗೆ ಶನಿವಾರ ಮಧ್ಯಾಹ್ನ, ಅಕ್ಕನ ಮನೆಯ ಚಾವಡಿಯಲ್ಲಿ, ಮುಖವನ್ನು ಬಿಟ್ಟು ಮಗುವನ್ನು ತೆಗೆಯುವ ಕಾರ್ಯಕ್ಕೆ ಇಳಿದೆ. ಆದರೆ ಆ ಕ್ಯಾಮೆರಾ ಹುಟ್ಟಿದ್ದೇ ಮುಖಕ್ಕಾಗಿ. ಎದುರಿಗೆ ಮುಖವೊಂದು ಅರ್ಧ ಕಂಡರೂ ಸಾಕು, ಪರದೆಯ ಮೇಲೆ ಹಳದಿ ಚೌಕ ಎಳೆದು, 'ಇದು ಮುಖ, ನಾನು ಇದನ್ನೇ ನೋಡುವುದು' ಎಂದು ಹಟ ಹಿಡಿಯುತ್ತದೆ. ಕಾಲಿನ ಹೆಬ್ಬೆರಳನ್ನು ಹಿಡಿಯಲು ಹೋದರೆ ಚೌಕ ಮೇಲಕ್ಕೆ ಓಡಿ ಮೂಗಿನ ಮೇಲೆ ಕೂರುತ್ತಿತ್ತು. ಒಮ್ಮೆ ತಪ್ಪಿ ತೆಗೆದಾಗ, ಚಿತ್ರದಲ್ಲಿರುವವರು ಕಣ್ಣು ಮುಚ್ಚಿದ್ದಾರೆ ಎಂದು ಆಕ್ಷೇಪಣೆಯನ್ನೂ ಬರೆಯಿತು. ನಾಲ್ಕು ದಿನದ ಮಗು ಮತ್ತೆಂತ ಮಾಡಬೇಕು? ಅದನ್ನು ಆಗಲೇ ಅಳಿಸಿದೆ.

"ಅದು ಮುಖ ನೋಡುವುದನ್ನು ಬಂದ್ ಮಾಡಲಿಕ್ಕೆ ಆಗುವುದಿಲ್ಲವಾ ಮಾರಾಯ?" ಎಂದಳು ಅಕ್ಕ.

"ಆಗುತ್ತದೆ. ಎಪ್ಪತ್ತೆರಡನೆಯ ಪುಟದಲ್ಲಿ ಉಂಟು."

"ಪುಟ ಉಂಟು, ಪುಸ್ತಕ ಎಲ್ಲಿ?"

ಪುಸ್ತಕ ಅಲೆವೂರಿನಲ್ಲಿತ್ತು. ಮೆನುವಿನಲ್ಲಿ ಅಂದಾಜಿನಿಂದ ಹುಡುಕಿ ಕೊನೆಗೆ ಅದನ್ನು ಬಂದ್ ಮಾಡಿದೆ. ಹೂವಿನ ಗುರುತು ಇರುವ ಮ್ಯಾಕ್ರೋ ಹಾಕಿದೆ, ಅಂಗೈಯಷ್ಟು ಹತ್ತಿರದಿಂದ ತೆಗೆಯಲು ಅದು ಬೇಕು. ಚಾವಡಿಯಲ್ಲಿ ಬೆಳಕು ಕಡಿಮೆ. ಫ್ಲಾಶ್ ಹಾಕುವ ಹಾಗಿಲ್ಲ. ಕಡಿಮೆ ಬೆಳಕಿಗೆಂದು ಇರುವ ಐಎಸ್‌ಒ ಎಂಬುದನ್ನು ಏರಿಸಿದರೆ ಚಿತ್ರದ ಮೇಲೆ ರವೆ ಎರಚಿದ ಹಾಗೆ ಕಾಣುತ್ತದೆ. ಕಿಟಕಿಯ ಹತ್ತಿರ ಚಾಪೆ ಎಳೆದು, ಉಸಿರು ಹಿಡಿದು ತೆಗೆದೆ. ಎಡಪಾದ, ಬಲಪಾದ, ಮುಷ್ಟಿ, ಬಿಚ್ಚಿದ ಮುಷ್ಟಿ, ಕಿವಿಯ ಹಿಂಭಾಗ, ಬೆನ್ನು. ಒಟ್ಟು ಹನ್ನೊಂದು. ಬಾಣಂತಿ ನೋಡಿ, "ಮಾವ, ಇದು ಕಾಣೆಯಾದವರ ಗುರುತು ಪತ್ತೆಗೆ ತೆಗೆದ ಹಾಗೆ ಉಂಟು" ಎಂದಳು. ಆ ಮನೆಯಲ್ಲಿ ಐದು ದಿನದಲ್ಲಿ ಕೇಳಿದ ಮೊದಲ ತಮಾಷೆ ಅದು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಅದೇ ಸಂಜೆ ಹಿರಿಯಡ್ಕ, ಮಣಿಪಾಲದ ದಾರಿಯಾಗಿ ಮನೆಗೆ ಹೋಗಿ, ಬ್ಯಾಟರಿ ಚಾರ್ಜು ಮಾಡಿ, ಭಾನುವಾರ ಬೆಳಿಗ್ಗೆ ಕಾಪುವಿಗೆ ಹೊರಟೆ. ಅಳಿಯ ಮನೆಯ ಜಗಲಿಯಲ್ಲಿ ಕೂತಿದ್ದರು. ಮಾತು ಕಡಿಮೆಯ ಮನುಷ್ಯ. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದೊಂದೇ ನೋಡಿದರು. ಪಾದವನ್ನು ದೊಡ್ಡದು ಮಾಡುವುದು ಹೇಗೆಂದು ಕೇಳಿದರು. ತೋರಿಸಿಕೊಟ್ಟೆ. ಪರದೆ ತುಂಬ ಹೆಬ್ಬೆರಳು. ಅದನ್ನು ಬಹಳ ಹೊತ್ತು ನೋಡಿ ಕೇಳಿದರು:

"ಮಗುವಿಗೆ ಮುಖ ಉಂಟಲ್ವಾ, ಮಾವ?"

"ಉಂಟು, ಉಂಟು. ಒಳ್ಳೆಯದೇ ಉಂಟು."

ಹನ್ನೊಂದನೆಯದು ಮುಗಿದಾಗ ಅವರ ಬೆರಳು ಬಾಣದ ಗುರುತಿನ ಬಟನ್ನಿನ ಮೇಲಿತ್ತು. ಇನ್ನೊಂದು ಸಲ ಒತ್ತಿದರೆ ಸರದಿ ಮೊದಲಿಗೆ ತಿರುಗುತ್ತದೆ. ಮೊದಲು ಬರುವುದು ಬಾಗಿಲು, ಅದರ ಆಚೆ ಮುಖ. ಅದನ್ನು ಅಳಿಸಲು ನನಗೆ ಮನಸ್ಸಾಗಿರಲಿಲ್ಲ. ತಡೆಯಲು ಕೈ ಚಾಚಿದೆ. ಅವರು ತಾವಾಗಿಯೇ ಕ್ಯಾಮೆರಾ ಮುಚ್ಚಿ ನನ್ನ ಕೈಗಿಟ್ಟರು.

"ಇದರಲ್ಲಿ ಮುಖದ್ದೂ ಒಂದು ಇರಬೇಕು. ನೀವೇ ಇಟ್ಟುಕೊಳ್ಳಿ. ನನ್ನದು ಒಂದು ತೆಗೆಯಿರಿ, ಅವಳಿಗೆ ತೋರಿಸಿ."

ಕಾಪುವಿನ ಕಡಲತೀರದ ದೀಪಸ್ತಂಭ ಕಾಣುವ ಹಾಗೆ ಅಂಗಳದ ತುದಿಯಲ್ಲಿ ನಿಲ್ಲಿಸಿದೆ. ಹಿಂದಿನಿಂದ ಸಮುದ್ರದ ಬೆಳಕು ಹೊಡೆಯುತ್ತಿತ್ತು, ಮುಖ ಕಪ್ಪಾಗುತ್ತದೆ. ಹಗಲಿನಲ್ಲೂ ಫ್ಲಾಶ್ ಹಾಕುವ ವ್ಯವಸ್ಥೆ ಇಂಥದಕ್ಕೇ ಇರುವುದು ಎಂದು ವಿವರಿಸುತ್ತಾ ತೆಗೆದೆ. ಚೆನ್ನಾಗಿ ಬಂತು. ಅವರು ನೋಡಿದರು, ಮತ್ತೆ ತಮ್ಮ ವಾಚು ನೋಡಿದರು.

"ಮಾವ, ಇದರಲ್ಲಿ ಹನ್ನೆರಡು ಮೂವತ್ತಮೂರು ಉಂಟು. ಈಗ ಹನ್ನೆರಡು ಹದಿನೆಂಟು."

"ನಿಮ್ಮ ವಾಚು ಮಸ್ಕತ್ತಿನದ್ದಲ್ವಾ?"

"ಮಸ್ಕತ್ತಿನ ಹೊತ್ತಾದರೆ ಒಂದೂವರೆ ಗಂಟೆ ಹಿಂದೆ ಇರಬೇಕು."

ಲೆಕ್ಕ ಸರಿಯಾಗಿತ್ತು. ಆದರೂ ಸೋಲಲು ಮನಸ್ಸಿಲ್ಲದೆ ಒಳಗೆ ಹೋಗಿ ಟಿವಿ ಹಾಕಿಸಿದೆ. ವಾರ್ತೆಯ ಮೂಲೆಯಲ್ಲಿ 12:20. ಕ್ಯಾಮೆರಾದಲ್ಲಿ 12:35.

ಆಗ ನನ್ನ ಕಣ್ಣೆದುರು ಬಂದದ್ದು ನಮ್ಮ ಮನೆಯ ಗೋಡೆ. ಉಡುಪಿಯ ಬಸ್ಸು ತಪ್ಪಬಾರದೆಂದು ನಮ್ಮ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಡುವುದು ನಮ್ಮ ತಂದೆಯ ಕಾಲದ ಪದ್ಧತಿ. ಮನೆಯವರೆಲ್ಲ ಅದನ್ನು ನೋಡುವಾಗಲೇ ಮನಸ್ಸಿನಲ್ಲಿ ಹದಿನೈದು ಕಳೆದುಬಿಡುತ್ತೇವೆ, ಕಳೆಯುತ್ತಿದ್ದೇವೆ ಎಂಬುದೂ ಗೊತ್ತಾಗುವುದಿಲ್ಲ. ಕ್ಯಾಮೆರಾಕ್ಕೆ ಆ ಪದ್ಧತಿ ಗೊತ್ತಿರಲಿಲ್ಲ. ಅದು ನಾನು ಹೇಳಿದ್ದನ್ನು ನಂಬಿ, ಕಿತ್ತಳೆ ಬಣ್ಣದಲ್ಲಿ ಅಚ್ಚೊತ್ತಿತ್ತು. ನಾಲ್ಕು ಐವತ್ತಾರರಿಂದ ಹದಿನೈದು ಕಳೆದೆ. ನಾಲ್ಕು ನಲವತ್ತೊಂದು, ನರ್ಸು ಬರೆದದ್ದೇ ಬಂತು.

ಮೂವತ್ತೆರಡು ವರ್ಷ ಇತರರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ತನ್ನ ತಪ್ಪು ಕಂಡು ಇಷ್ಟು ಸಂತೋಷವಾದೀತೆಂದು ನಾನು ಎಣಿಸಿರಲಿಲ್ಲ. ಅಳಿಯನಿಗೆ ವಿಷಯ ಹೇಳಿದೆ. ಅವರು ಜಗಲಿಯ ಮೇಲೆ ಕೂತುಬಿಟ್ಟರು. ನಾನು ಅಕ್ಕನಿಗೆ ಫೋನು ಮಾಡಿದೆ.

"ಹದಿನೈದು ನಿಮಿಷವಾ?" ಎಂದಳು ಅಕ್ಕ. "ನೀನು ಮಕ್ಕಳಿಗೆ ಲೆಕ್ಕ ಕಲಿಸಿದ್ದು ಅಲ್ವಾ ಮಾರಾಯ?"

"ಹೌದು."

"ಆ ಮಕ್ಕಳು ಈಗ ಎಲ್ಲಿದ್ದಾರೋ ಪಾಪ. ಫೋನು ಇಡು, ಜೋಯಿಸರನ್ನು ಕೇಳುತ್ತೇನೆ."

ಆ ಕಾಯುವಿಕೆ ಇಪ್ಪತ್ತು ನಿಮಿಷದ್ದು, ಸರಿಯಾದ ಗಡಿಯಾರದಲ್ಲಿ. ಜೋಯಿಸರು ಬೇರೆ ದೋಷ ಹುಡುಕಿದರೆ? ಹೇಳಿದ ಮಾತು ಹಿಂತೆಗೆಯುವುದು ಅವರ ಘನತೆಗೆ ಕಡಿಮೆ ಎಂದುಕೊಂಡರೆ? ಅಳಿಯನ ಅಮ್ಮ ಊಟಕ್ಕೆ ಎಲೆ ಹಾಕಿ ಕರೆದರು, ಯಾರೂ ಏಳಲಿಲ್ಲ. ಕೊನೆಗೆ ಫೋನು ಬಂತು.

"ನಕ್ಷತ್ರ ಬದಲಾಗುವುದಕ್ಕೆ ಒಂಬತ್ತು ನಿಮಿಷ ಮೊದಲೇ ಹುಟ್ಟಿದ್ದಾಳೆ. ಒಳ್ಳೆಯ ನಕ್ಷತ್ರ, ದೋಷ ಎಂತದೂ ಇಲ್ಲ ಅಂದರು ಜೋಯಿಸರು. ಕೊಟ್ಟ ಹೊತ್ತಿಗೆ ತಾನು ಹೇಳಿದ್ದು ಸರಿಯೇ ಇತ್ತು ಅಂತಲೂ ಅಂದರು. ಅಳಿಯನನ್ನು ಕರಕೊಂಡು ಬಾ. ಊಟ ಇಲ್ಲಿಯೇ ಆಗಲಿ."

ನನ್ನ ಎದೆಯ ಮೇಲಿಂದ ಐದು ದಿನದ ಭಾರ ಇಳಿಯಿತು; ಅದು ಅಲ್ಲಿ ಇತ್ತೆಂಬುದು ತಿಳಿದದ್ದೂ ಆಗಲೇ. ಅಳಿಯ ಒಳಗೆ ಹೋಗಿ ಅಂಗಿ ಬದಲಾಯಿಸಿ ಬಂದರು, ಮತ್ತೆ ಒಳಗೆ ಹೋಗಿ ಇನ್ನೊಂದು ಅಂಗಿ ಹಾಕಿ ಬಂದರು. ನೆರೆಮನೆಯವರ ಕಾರಿನಲ್ಲಿ ಪಡುಬಿದ್ರಿಯ ದಾರಿಯಾಗಿ ಹೊರಟೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಮಾವ, ಆ ನರ್ಸಿಗೆ ಒಂದು ಸೀರೆ ಕೊಡಬೇಕು." ನನಗೆ ಏನು ಕೊಡಬೇಕೆಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಕನ ಮನೆಯಲ್ಲಿ ಅವರು ಚಪ್ಪಲಿ ಬಿಟ್ಟು, ಕೈ ತೊಳೆದು, ಒಳಗೆ ಹೋದರು. ನಾನು ಹೊರಗೆ ಚಾವಡಿಯಲ್ಲೇ ನಿಂತೆ. ಫೋಟೋ ತೆಗೆಯಲು ಯಾರೂ ಹೇಳಲಿಲ್ಲ. ಉಳಿದ ಏಳು ದಿನ ಅವರು ಕಾರ್ಕಳದಲ್ಲೇ ಇದ್ದು, ಸೋಮವಾರ ಬೆಳಿಗ್ಗೆ ಮಂಗಳೂರಿನಿಂದ ಮಸ್ಕತ್ತಿಗೆ ಹೋದರು.