ಬ್ರೇಕಿಗೆ ಬಿಟ್ಟ ಎಣ್ಣೆ

ಬಾದಾಮಿಯ ನಮ್ಮ ಬೀಗರ ಮನೆಯಲ್ಲಿ ಒಂದು ಬಿಳಿ ಕಾರಿದೆ. ಅದು ಎಳ್ಳಷ್ಟೂ ಸಪ್ಪಳ ಮಾಡುವುದಿಲ್ಲ. ಅದರ ಪಾಲಿನ ಸಪ್ಪಳವನ್ನೂ ಸೇರಿಸಿ ಬೀಗರೇ ಮಾಡುತ್ತಾರೆ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತು ಮಾಡಲು ನಾನೂ ನನ್ನ ಹೆಂಡತಿಯೂ ಇಳಕಲ್ಲಿನಿಂದ ಅಲ್ಲಿಗೆ ಹೋದಾಗ, ಕಾಲಿಗೆ ನೀರು ಕೊಡುವ ಮೊದಲೇ ಅವರು ಬಾಗಿಲಲ್ಲಿ ನಿಂತು ಶುರು ಮಾಡಿದರು.

"ಬೀಗರ, ನಿಮ್ಮ ಗಾಡಿ ಓಣ್ಯಾಗ ಹೊಕ್ಕಾಗನ ನಮಗ ಗೊತ್ತಾಗ್ತೈತಿ ನೋಡ್ರಿ. ನೀವು ಫೋನ್ ಮಾಡೂದ ಬ್ಯಾಡ!"

ಮನೆಮಂದಿಯೆಲ್ಲ ನಕ್ಕರು. ಹೆಣ್ಣು ಕೊಟ್ಟವನು ನಾನು, ನಾನೂ ನಕ್ಕೆ. ಆದರೆ ಊಟಕ್ಕೆ ಕೂತಾಗ ಅವರು ಹೇಳಿದ ಮಾತಿಗೆ ನಗಲಾಗಲಿಲ್ಲ. "ಕುಬಸ ಆದಮ್ಯಾಲ ಸೊಸಿನ್ನ ನಮ್ಮ ಗಾಡ್ಯಾಗ ಕಳಸ್ತೇವ್ರಿ. ಏಳು ತಿಂಗಳ ಬಸುರಿ. ನಿಮ್ಮ ಗಾಡಿ ಮ್ಯಾಲ ನನಗ ಯಾಕೋ ಧೈರ್ಯ ಸಾಲೂದಿಲ್ಲ."

ಚೊಚ್ಚಲ ಬಾಣಂತನಕ್ಕೆ ತವರಿನವರು ಬಂದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮಗಳನ್ನು ತಾವೇ ಕರೆದುಕೊಂಡು ಹೋಗಬೇಕು. ಕೊರಿಯರ್‌ನವರ ಹಾಗೆ ಬೀಗರು ತಂದು ಬಾಗಿಲಲ್ಲಿ ಇಳಿಸಿ ಹೋದರೆ ನಮ್ಮ ಓಣಿಯಲ್ಲಿ ನಾನು ತಲೆ ಎತ್ತುವುದು ಹೇಗೆ? ಹೊಟ್ಟೆ ಉರಿಯಲು ಇನ್ನೊಂದು ಕಾರಣವೂ ಇತ್ತು. ಬೀಗರು ಹೇಳಿದ್ದು ಖರೆ ಇತ್ತು. ನನ್ನದು ಇನ್ನೊಬ್ಬರು ಓಡಿಸಿ ಬಿಟ್ಟ ಸಣ್ಣ ಕಾರು. ಮುಂದಿನ ಗಾಲಿಗಳ ಬ್ರೇಕ್ ಪ್ಯಾಡು ಪೂರಾ ಸವೆದು, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ, ಬ್ರೇಕ್ ಒತ್ತಿದಾಗಲೆಲ್ಲ ಕಿರ್ರ್ ಎಂದು ಒದರುತ್ತಿತ್ತು.

ಊರಿಗೆ ಬಂದವನೇ ಗ್ಯಾರೇಜಿನ ಮಿಸ್ತ್ರಿಯ ಹತ್ತಿರ ಹೋದೆ. ಅವನು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, "ಪ್ಯಾಡಷ್ಟ ಅಲ್ರಿ, ಡಿಸ್ಕೂ ಗೆರಿ ಬಿದ್ದಾವ. ಬಿಟ್ಟು ಹೋಗ್ರಿ" ಎಂದ. ಎಷ್ಟು ದಿನ ಎಂದರೆ "ನೋಡೂಣ್ರಿ" ಎಂದ. ಮಿಸ್ತ್ರಿಗಳ ಪಂಚಾಂಗದಲ್ಲಿ 'ನೋಡೂಣ್ರಿ' ಎಂಬುದಕ್ಕೆ ತಿಥಿಯೂ ಇಲ್ಲ, ವಾರವೂ ಇಲ್ಲ. ಕುಬಸ ಬರುವ ಸೋಮವಾರ. ನಾನು ಗಾಡಿ ತಿರುಗಿಸಿಕೊಂಡು ಮನೆಗೆ ಬಂದೆ.

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರ ಹತ್ತಿರ ಕಾರಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ನನ್ನ ಮನೆಯ ಪಕ್ಕದ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ಒಂದನ್ನು ನಾನು ನಡೆಸುತ್ತೇನೆ, ಇನ್ನೊಂದನ್ನು ಹೆಂಡತಿ. ಮಗ್ಗಕ್ಕೂ ಬ್ರೇಕಿದೆ; ಹೊಕ್ಕಿನ ನೂಲು ಹರಿದರೆ ಗಕ್ಕನೆ ನಿಲ್ಲಿಸುವುದು ಅದೇ. ಮಗ್ಗ ಬಿಚ್ಚಿ ಕೂಡಿಸಿದ ಕೈಗೆ ಈ ಗಾಡಿಯ ಬ್ರೇಕು ಯಾವ ಲೆಕ್ಕ ಎಂದುಕೊಂಡೆ. ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಅದರಲ್ಲಿ ಒಬ್ಬ ಬಿಳಿ ಮನುಷ್ಯ, ನಮ್ಮ ಅಡುಗೆಮನೆಗಿಂತ ಸ್ವಚ್ಛವಾದ ಗ್ಯಾರೇಜಿನಲ್ಲಿ, ಅಂಗಿಗೆ ಕಲೆ ಹತ್ತದಂತೆ ಹನ್ನೆರಡೇ ನಿಮಿಷದಲ್ಲಿ ಎಲ್ಲ ಮುಗಿಸಿ ಕೈ ಬೀಸಿದ. ನಾನು ಅದನ್ನು ಮೂರು ಸಲ ನೋಡಿ, ಪೂರಾ ಪಂಡಿತನಾಗಿ ಎದ್ದೆ.

ಸಾಮಾನು ತರಲು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆ. ನವನಗರದ ಅಂಗಡಿಯವನು ಒಂದು ಜೊತೆ ಡಿಸ್ಕು, ಒಂದು ಸೆಟ್ ಪ್ಯಾಡು ಕೊಟ್ಟು, "ಯಾವ ಮಿಸ್ತ್ರಿ ಕಡೆ ಹಚ್ಚಸ್ತೀರಿ?" ಎಂದು ಕೇಳಿದ.

"ನಾನ ಹಚ್ಚಾಂವ."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಹಂಗಾರ ಒಂದು ಮಾತು ಕೇಳ್ರಿ. ಹೊಸಾ ಡಿಸ್ಕಿಗೆ ತುಕ್ಕು ಹಿಡೀಬಾರ್ದಂತ ಎಣ್ಣಿ ಸವರಿರ್ತಾರ. ಅದನ್ನ ಚೊಕ್ಕ ತೊಳದು ಹಚ್ಚರಿ. ಬ್ರೇಕಿಗೆ ಎಣ್ಣಿ ತಾಗಬಾರ್ದು."

"ಗೊತ್ತೈತಿ, ಗೊತ್ತೈತಿ" ಎಂದೆ. ನನಗೆ ಗೊತ್ತೂ ಇತ್ತು. ಮುಂದೆ ನಡೆದದ್ದನ್ನು ಹೇಳುವಾಗ ನನಗೆ ಹೆಚ್ಚು ನಾಚಿಕೆಯಾಗುವುದು ಇದಕ್ಕೇ.

ಗುರುವಾರ ಬೆಳಿಗ್ಗೆ ಮಗ್ಗಕ್ಕೆ ಕರೆಂಟಿರಲಿಲ್ಲ. ಮನೆ ಮುಂದೆ ಜಾಕು ಹಚ್ಚಿ ಗಾಲಿ ಬಿಚ್ಚಿದೆ. ಎದುರು ಮನೆಯ ಹಿರಿಯರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಕುರ್ಚಿ ತಂದು ಹಾಕಿಕೊಂಡು ಕೂತರು. ಜೀವಮಾನವಿಡೀ ಬ್ರೇಕ್ ಒತ್ತಿದವರು ಅವರು. ಅದು ಹೇಗೆ ಹಿಡಿಯುತ್ತದೆ ಎಂದು ಒಮ್ಮೆಯೂ ಬಗ್ಗಿ ನೋಡಿದವರಲ್ಲ. ಆದರೂ ಒಂದೊಂದು ಬೋಲ್ಟಿಗೂ ಅವರ ಹತ್ತಿರ ಒಂದೊಂದು ಅಭಿಪ್ರಾಯವಿತ್ತು. ನನ್ನ ಪಕ್ಕದಲ್ಲಿಟ್ಟ ಹೊಸ ಡಿಸ್ಕು ನೋಡಿ, "ರೊಟ್ಟಿ ಹಂಚು ಚಲೋ ಸಿಕ್ಕೈತಲ್ರಿ" ಎಂದರು.

ವಿಡಿಯೊದಲ್ಲಿ ಬೋಲ್ಟುಗಳು ಪಾನಾ ಕಂಡ ಕೂಡಲೇ ತಾವಾಗಿ ಬಿಚ್ಚಿಕೊಂಡಿದ್ದವು. ನನ್ನ ಗಾಡಿಯ ಬೋಲ್ಟುಗಳು ಆ ವಿಡಿಯೊ ನೋಡಿರಲಿಲ್ಲ. ಪಾನಾದ ಮೇಲೆ ನಿಂತು ಕುಣಿದ ಮೇಲೆ ಮೊದಲನೆಯದು ಬಿಟ್ಟಿತು. ಡಿಸ್ಕನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಬಿಚ್ಚಿ, ಅದರ ಭಾರ ಬ್ರೇಕಿನ ಪೈಪಿನ ಮೇಲೆ ಬೀಳದಂತೆ ಮಗ್ಗದ ಹುರಿಯಿಂದ ಎತ್ತಿ ಕಟ್ಟಿದೆ. ಈ ಒಂದು ಕೆಲಸವನ್ನು ನಾನು ಆ ಬಿಳಿ ಮನುಷ್ಯನಿಗಿಂತ ಚೆನ್ನಾಗಿ ಮಾಡಿದೆ. ತುಕ್ಕು ಹಿಡಿದು ಕೂತಿದ್ದ ಹಳೆಯ ಡಿಸ್ಕುಗಳನ್ನು ಸುತ್ತಿಗೆಯಿಂದ ಬಡಿದು ಎಬ್ಬಿಸಿದೆ. ಹೊಸವನ್ನು ಪೆಟ್ರೋಲು ಹಾಕಿ ಒರೆಸಿ, ಕೂಡಿಸಿ, ಪ್ಯಾಡು ಹಾಕಿ, ಬಿಗಿದು ಎದ್ದಾಗ ಮಧ್ಯಾಹ್ನ ದಾಟಿತ್ತು. ಹನ್ನೆರಡು ನಿಮಿಷದ ಕೆಲಸ, ಸೊಂಟ ಮುರಿದು ಆರು ತಾಸು ಹಿಡಿಯಿತು.

"ಮೊದಲ ಪೆಡಲ್ ಹೊಡೀರಿ, ಗಟ್ಟಿ ಆಗೂಮಟಾ ಗಾಡಿ ಬಿಡಬ್ಯಾಡ್ರಿ" ಎಂದರು ಡ್ರೈವರ್ ಹಿರಿಯರು. ಅಂದು ಅವರ ಬಾಯಿಂದ ಬಂದ ಒಂದೇ ಉಪಯೋಗದ ಮಾತು ಅದು. ಹತ್ತು ಸಲ ಒತ್ತಿದ ಮೇಲೆ ಪೆಡಲು ಗಟ್ಟಿಯಾಯಿತು. ಓಣಿಯ ತುದಿವರೆಗೆ ಹೋಗಿ ಒತ್ತಿದೆ. ಗಾಡಿ ಗಕ್ಕನೆ ನಿಂತಿತು. ನಿಲ್ಲುವಾಗ ಕಿರ್ರ್ ಎಂದಿತು.

ಹೊಸ ಪ್ಯಾಡು, ಹೊಸ ಡಿಸ್ಕು, ಅದೇ ಹಳೆಯ ಸಪ್ಪಳ! ಡ್ರೈವರ್ ಹಿರಿಯರು ಏನೂ ಅನ್ನದೆ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಆ ಸಂಜೆಯೆಲ್ಲ ನನ್ನ ಕಣ್ಣ ಮುಂದೆ ಬೀಗರೇ ಇದ್ದರು. ಬಾದಾಮಿಯ ಓಣಿಯಲ್ಲಿ ನನ್ನ ಗಾಡಿ ಕಿರ್ರ್ ಎನ್ನುತ್ತದೆ, ಅವರು ಬಾಗಿಲಿಗೆ ಬಂದು ನಗುತ್ತಾರೆ, ಮಗಳನ್ನು ಬಿಳಿ ಗಾಡಿಯಲ್ಲಿ ಕೂಡಿಸುತ್ತಾರೆ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವನ ಕೈಗೆ ಒಂದು ಚಟವಿರುತ್ತದೆ. ಎಲ್ಲಿ ಕಿರ್ರ್ ಅಂದರೂ ಕೈ ತಾನಾಗಿ ಕೊಕ್ಕಿನ ಎಣ್ಣೆ ಡಬ್ಬಿಗೆ ಹೋಗುತ್ತದೆ. ಬಾಗಿಲು ಕಿರ್ರ್ ಅಂದರೆ ಎಣ್ಣೆ, ತೊಟ್ಟಿಲು ಕಿರ್ರ್ ಅಂದರೆ ಎಣ್ಣೆ, ಹೊಲಿಗೆ ಮಷಿನ್ನಿಗೂ ಎಣ್ಣೆ. ಶುಕ್ರವಾರ ಬೆಳಿಗ್ಗೆ ಹೆಂಡತಿ ಮಗ್ಗದ ಮುಂದಿದ್ದಾಗ ನಾನು ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ. ಎಣ್ಣೆ ತಾಗಬಾರದು ಎಂದು ಬುದ್ಧಿ ಹೇಳುತ್ತಲೇ ಇತ್ತು. ಎರಡು ಹನಿಗೆ ಏನಾಗುತ್ತದೆ ಎಂದು ಮರ್ಯಾದೆ ಹೇಳಿತು. ಮರ್ಯಾದೆಯ ಮಾತು ಕೇಳಿದೆ. ಗಾಲಿಯ ಸಂದಿಯಲ್ಲಿ ಕೊಕ್ಕು ತೂರಿಸಿ ಆ ಕಡೆ ಎರಡು ಹನಿ, ಈ ಕಡೆ ಎರಡು ಹನಿ ಬಿಟ್ಟೆ. ನಮ್ಮಲ್ಲಿ ಎರಡು ಹನಿ ಎಂದರೆ ಎಷ್ಟು ಎಂಬುದು ಮಗ್ಗದವರಿಗೆ ಗೊತ್ತು.

ಓಣಿಯಲ್ಲಿ ಮೆಲ್ಲಗೆ ಓಡಿಸಿದೆ. ಪಿಟ್ಟೆನ್ನಲಿಲ್ಲ! ಹಿಗ್ಗಿ ಹೀರೇಕಾಯಿಯಾಗಿ ಒಬ್ಬನೇ ಹುನಗುಂದದ ರಸ್ತೆಗೆ ಬಿಟ್ಟೆ. ಊರು ದಾಟಿ ಸ್ವಲ್ಪ ದೂರದಲ್ಲಿ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಸಾಕಷ್ಟು ಮೊದಲೇ ಬ್ರೇಕ್ ಒತ್ತಿದೆ. ಗಾಡಿ ಕೇಳಲಿಲ್ಲ. ಇನ್ನೂ ಒತ್ತಿದೆ, ಎರಡೂ ಕಾಲಿನಿಂದ ಒತ್ತಿದೆ. ಗಾಡಿ ಬೆಣ್ಣೆಯ ಮೇಲೆ ಹೋದ ಹಾಗೆ, ಸಪ್ಪಳವೇ ಇಲ್ಲದೆ, ಕುರಿಗಳ ಕಡೆಗೆ ಹೋಗುತ್ತಲೇ ಇತ್ತು. ಹ್ಯಾಂಡ್ ಬ್ರೇಕ್ ಎಳೆದು, ಸ್ಟೇರಿಂಗು ಎಡಕ್ಕೆ ತಿರುವಿದೆ. ಗಾಡಿ ರಸ್ತೆ ಇಳಿದು, ಹೊಲದ ಅಂಚಿನಲ್ಲಿ ಜೋಳದ ದಂಟು ಒಟ್ಟಿದ ಕಣಿಕಿ ಬಣವಿಯಲ್ಲಿ ಮೂತಿ ತೂರಿಸಿ ನಿಂತಿತು.

ಕುರಿಗಾರ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಳ್ಳುತ್ತ ಬಂದು ಕಿಟಕಿಯಲ್ಲಿ ಇಣುಕಿದ. ನನಗೇನೂ ಆಗಿಲ್ಲ ಎಂಬುದನ್ನು ನೋಡಿಕೊಂಡ ಮೇಲೆ ಕೇಳಿದ: "ಸಾಹೇಬ್ರ, ನಿಮ್ಮ ಗಾಡಿ ನಿಂದ್ರೂದು ಕಲತಿಲ್ಲೇನ್ರಿ? ನಮ್ಮ ಕುರಿ ಒಂದು ಸೀಟಿ ಹೊಡದ್ರ ನಿಂದರ್ತಾವ."

ಹಿಂದೆ ತಿರುಗಿ ನೋಡಿದೆ. ಮಗಳಿಗೆ ಆನಿಸಿಕೊಳ್ಳಲು ಬೇಕಾಗುತ್ತದೆಂದು ಹೆಂಡತಿ ಹಿಂದಿನ ಸೀಟಿನಲ್ಲಿ ಆಗಲೇ ಇಟ್ಟಿದ್ದ ದಿಂಬು ಕೆಳಗೆ ಬಿದ್ದಿತ್ತು. ಸೋಮವಾರ ಆ ಜಾಗದಲ್ಲಿ ಮಗಳು ಕೂತಿರುತ್ತಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಬಾದಾಮಿ ದಾರಿಯ ಗುಳೇದಗುಡ್ಡದ ಇಳುಕಲಿನಲ್ಲಿ ತಡೆಯಲು ಬಣವಿ ಇರುತ್ತಿರಲಿಲ್ಲ. ಕುರಿಗಾರ ನೋಡುತ್ತಿದ್ದಾನೆ ಎಂಬ ಪರಿವೆಯೂ ಇಲ್ಲದೆ ನಾನು ಅತ್ತೆ.

ಮೊದಲನೇ ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಕೈಯಲ್ಲಿ ಹಿಡಿದುಕೊಂಡೇ ಮನೆ ಮುಟ್ಟಿದೆ. ಹೆಂಡತಿ ಮಗ್ಗ ನಿಲ್ಲಿಸಿ ಹೊರಗೆ ಬಂದಳು. ಬಂಪರಿನಲ್ಲಿ ಸಿಕ್ಕಿಕೊಂಡಿದ್ದ ದಂಟನ್ನು ಎಳೆದು ತೆಗೆದಳು.

"ಗಾಡಿಗೆ ಕಣಿಕಿ ಹಾಕೂದು ಯಾವಾಗಿಂದ ಚಾಲೂ ಮಾಡೀರಿ?"

ನಾನು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗಾಲಿಯ ಸಂದಿಯಲ್ಲಿ ಬೆರಳು ಹಾಕಿ, ಹತ್ತಿದ ಎಣ್ಣೆಯನ್ನು ನನಗೆ ತೋರಿಸಿ ಒಂದೇ ಮಾತು ಕೇಳಿದಳು: "ಇಷ್ಟು ವರ್ಷದಾಗ ಮಗ್ಗದ ಬ್ರೇಕಿಗೆ ಎಂದರ ಎಣ್ಣಿ ಬಿಟ್ಟೀರೇನ್ರಿ?"

ಬಿಟ್ಟಿರಲಿಲ್ಲ. ಅಪ್ಪಿತಪ್ಪಿ ಒಂದು ಹನಿ ಬಿದ್ದರೂ ಮಗ್ಗ ಹೊತ್ತಿಗೆ ನಿಲ್ಲದೆ ಬಟ್ಟೆ ಕೆಡುತ್ತದೆಂದು ನಾನೇ ಊರಿಗೆಲ್ಲ ಪಾಠ ಹೇಳುವವನು. ಬಟ್ಟೆಯ ಮೇಲೆ ಇದ್ದ ಕಾಳಜಿ ನನಗೆ ಮಗಳ ಮೇಲೆ ಇರಲಿಲ್ಲವೇ?

"ಅಕಿಗೆ ಹೇಳಬ್ಯಾಡ" ಎಂದೆ.

"ನಾ ಯಾಕ ಹೇಳ್ಲಿ? ನೀವ ಹೇಳ್ರಿ" ಎಂದು ಅವಳು ಮತ್ತೆ ಮಗ್ಗದ ಮುಂದೆ ಹೋಗಿ ನಿಂತಳು.

ಶನಿವಾರ ಮತ್ತೆ ಬಾಗಲಕೋಟೆ ಬಸ್ಸು. ಪ್ಯಾಡು ಎಣ್ಣೆ ಕುಡಿದರೆ ತೊಳೆದರೂ ಉಪಯೋಗವಿಲ್ಲ. ಅಂಗಡಿಯವನು ನನ್ನ ಮುಖ ನೋಡಿದ ಕೂಡಲೇ ಏನೂ ಕೇಳದೆ ಇನ್ನೊಂದು ಸೆಟ್ ತೆಗೆದು ಮುಂದಿಟ್ಟ. ಡಿಸ್ಕುಗಳನ್ನು ಮೊದಲು ಪೆಟ್ರೋಲಿನಿಂದ, ಆಮೇಲೆ ಸೋಪಿನ ನೀರಿನಿಂದ ತಿಕ್ಕಿ, ಉಸುಕಿನ ಕಾಗದ ಹಚ್ಚಿ ಉಜ್ಜಿ, ಹೊಸ ಪ್ಯಾಡು ಕೂಡಿಸಿದೆ. ಭಾನುವಾರ ನನ್ನ ಮೂಗನ್ನು ನಾನೇ ಕತ್ತರಿಸಿ ಕೈಯಲ್ಲಿ ಹಿಡಿದುಕೊಂಡು ಮಿಸ್ತ್ರಿಯ ಮನೆಗೆ ಹೋದೆ. ಅವನು ಒಂದು ಸುತ್ತು ಓಡಿಸಿ, ಇಳಿದು, ಬೋಲ್ಟುಗಳಿಗೆಲ್ಲ ಪಾನಾ ಹಾಕಿ ನೋಡಿದ.

"ಚಲೋ ಹಚ್ಚೀರಿ. ಹಿಡೀತೈತಿ."

"ಒದರ್ತೈತಲ್ಲೋ?"

"ಹೊಸಾದ್ರಿ. ಪಳಗೂಮಟಾ ನಾಕ ದಿನ ಒದರ್ತಾವ, ಆಮ್ಯಾಲ ತಾವ ಸುಮ್ಮನಾಗ್ತಾವ. ಮೊದಲ ಬಂದು ನನ್ನ ಕೇಳಬಾರ್ದೇನ್ರಿ?"

ಸೋಮವಾರ ಸೀರೆ, ಖಣ, ಹಸಿರು ಬಳೆ, ಬುತ್ತಿಯ ಗಂಟು ಹೇರಿಕೊಂಡು ಬಾದಾಮಿಯ ಆ ಓಣಿಗೆ ಹೊಕ್ಕಾಗ ಗಾಡಿ ಯಾವ ಸಂಕೋಚವೂ ಇಲ್ಲದೆ ಕಿರ್ರ್ ಎಂದಿತು. ನಾನು ನೋಡಿದಾಗ ಬೀಗರಿಗಿಂತ ಮೊದಲು ಮಗಳೇ ಬಾಗಿಲಲ್ಲಿ ನಿಂತಿದ್ದಳು. ಬೀಗರು ಅವಳ ಹಿಂದಿನಿಂದ ಬಂದು ತಮ್ಮ ಪಾಲಿನ ಮಾತು ಆಡಿದರು: "ಏನ್ರಿ ಬೀಗರ, ಸಪ್ಪಳ ಹಂಗ ಐತಲ್ಲ?"

"ಐತ್ರಿ. ಆದ್ರ ನಿಂದರ್ತೈತಿ" ಎಂದೆ.

ಕುಬಸ ಮುಗಿಯಿತು. ಬೀಗರು ಬಿಳಿ ಗಾಡಿಯ ಕೀಲಿ ಕೈಯಲ್ಲಿ ಆಡಿಸುತ್ತ ಬಂದರು. ಅಷ್ಟರಲ್ಲಿ ಮಗಳು ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ದಿಂಬಿಗೆ ಆನಿಸಿಕೊಂಡು ಕೂತಾಗಿತ್ತು.

ದಾರಿಯಲ್ಲಿ ಹೇಳಬೇಕು, ಹೇಳಬೇಕು ಎನ್ನುತ್ತಲೇ ಗುಳೇದಗುಡ್ಡ ದಾಟಿತು, ಅಮೀನಗಡ ದಾಟಿತು, ಹುನಗುಂದವೂ ದಾಟಿತು. ಹಿಂದೆ ಮಗಳ ಪಕ್ಕದಲ್ಲಿ ಕೂತಿದ್ದ ಹೆಂಡತಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಊರು ಹತ್ತಿರವಾದಾಗ ಅದೇ ಹಿಂಡು ರಸ್ತೆಗೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿ ಕಿರ್ರ್ ಎಂದು ಒದರಿ, ಕುರಿಗಳಿಗೆ ಇನ್ನೂ ಬೇಕಾದಷ್ಟು ಜಾಗ ಬಿಟ್ಟು ನಿಂತಿತು. ಕುರಿಗಾರ ಗುರುತು ಹಿಡಿದು ಕೂಗಿದ: "ಇವತ್ತ ನಿಂತೈತಲ್ರಿ ಸಾಹೇಬ್ರ!"

"ಇವತ್ತಂದ್ರ?" ಮಗಳು ಮುಂದೆ ಬಾಗಿದಳು. "ಮೊನ್ನಿ ನಿಂತಿದ್ದಿಲ್ಲೇನು?"

ಕುರಿಗಳು ಒಂದೊಂದಾಗಿ ದಾಟುತ್ತಿದ್ದವು. ತಪ್ಪಿಸಿಕೊಂಡು ಹೋಗಲು ನನಗೆ ದಾರಿ ಇರಲಿಲ್ಲ. ಎಣ್ಣೆ ಬಿಟ್ಟಿದ್ದು, ಬಣವಿಗೆ ಹೊಕ್ಕಿದ್ದು, ಎಲ್ಲ ಹೇಳಿದೆ. ಮಗಳು ಜಾರಿದ ದಿಂಬನ್ನು ಬೆನ್ನಿಗೆ ಸರಿಪಡಿಸಿಕೊಂಡಳು.

"ಎಣ್ಣಿ ಯಾಕ ಬಿಟ್ಟಿ ಅಪ್ಪಾ?"

"ಸಪ್ಪಳ ಬರಬಾರ್ದಂತ, ಯವ್ವಾ. ನಿಮ್ಮ ಮಾವಾರು ನಗತಾರಂತ."

"ಅವರು ನಗ್ಲಿ ಬಿಡು" ಎಂದಳು. "ನಾ ಮುಂಜಾನಿಂದ ಆ ಸಪ್ಪಳಕ್ಕನ ಕಿವಿ ಕೊಟ್ಟು ಬಾಗಲದಾಗ ನಿಂತಿದ್ನೆಪ್ಪಾ."

ಕೊನೆಯ ಕುರಿ ದಾಟಿತು. ಸಪ್ಪಳ ನಿಲ್ಲಲು ಮಿಸ್ತ್ರಿ ಹೇಳಿದ ನಾಲ್ಕು ದಿನದಲ್ಲಿ ಇನ್ನು ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕುತ್ತ ಗಾಡಿ ಬಿಟ್ಟೆ. ನಮ್ಮ ಓಣಿಯ ತಿರುವಿನಲ್ಲಿ ಯಾರೂ ಅಡ್ಡ ಬಂದಿರಲಿಲ್ಲ. ಆದರೂ ಬ್ರೇಕ್ ಒತ್ತಿದೆ.